ಕಣ್ಣಿಗೆ ಕಾಣುವ ಸವಳು, ಕಾಣದ ವಿಷ

ಕಳೆದ ತಿಂಗಳು ರಾಯಚೂರಿನ ನಮ್ಮ ಓಣಿಗೆ ಒಬ್ಬ ತರುಣ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಒಂದು ಚಿಕ್ಕ ಪೆಟ್ಟಿಗೆ. ಹತ್ತಿ ಗಿರಣಿಯಲ್ಲಿ ದುಡಿಯುವ ನನ್ನ ಗೆಳೆಯನ ಮನೆಯಲ್ಲಿ ಕುಳಿತು ಎರಡು ಗಾಜಿನ ಲೋಟ ತರಿಸಿಕೊಂಡ. ಒಂದಕ್ಕೆ ಮನೆಯವರು ಕುಡಿಯುವ ಕೊಳವೆಬಾವಿಯ ನೀರು, ಇನ್ನೊಂದಕ್ಕೆ ತಾನು ತಂದ ಬಾಟಲಿಯ ನೀರು. ಎರಡರಲ್ಲಿಯೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ತಿನ ಗುಂಡಿ ಒತ್ತಿದ. ಎರಡು ನಿಮಿಷದಲ್ಲಿ ಮನೆಯ ನೀರು ಕೆಂಪಾಗಿ, ಕಪ್ಪಾಗಿ, ಗಟಾರದ ಕೆಸರಿನಂತಾಯಿತು. ಬಾಟಲಿಯ ನೀರು ಇದ್ದ ಹಾಗೆಯೇ ಇತ್ತು. “ನೋಡಿ ತಾಯಿ, ನಿಮ್ಮ ಮಕ್ಕಳು ದಿನಾ ಕುಡಿಯುವುದು ಇದನ್ನೇ” ಎಂದ. ಆ ತಾಯಿಯ ಮುಖ ಬಿಳಿಚಿಕೊಂಡಿತು. ಸಂಜೆಯ ಹೊತ್ತಿಗೆ ಕಂತಿನ ಕಾಗದಕ್ಕೆ ಸಹಿ ಬಿದ್ದಿತ್ತು.

ವಾಚಕರೇ, ಆ ಕೆಸರು ನೀರಿನದಲ್ಲ, ಕಡ್ಡಿಯದು. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಹರಿದಾಗ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗಿ ನೀರಿಗಿಳಿಯುತ್ತದೆ. ಬಾಟಲಿಯ ನೀರಿನಲ್ಲಿ ಉಪ್ಪಿನಂಶ ತೀರ ಕಡಿಮೆಯಾದುದರಿಂದ ಅಲ್ಲಿ ವಿದ್ಯುತ್ತು ಹರಿಯಲಿಲ್ಲ, ತುಕ್ಕೂ ಇಳಿಯಲಿಲ್ಲ. ಅವನ ಬಾಟಲಿಗೆ ಒಂದು ಚಿಟಿಕೆ ಅಡಿಗೆ ಉಪ್ಪು ಹಾಕಿ ಗುಂಡಿ ಒತ್ತಿದ್ದರೆ ಅದೂ ಹೀಗೆಯೇ ಕೆಸರಾಗುತ್ತಿತ್ತು. ನಾನು ಮೆಟ್ರಿಕ್ ಓದಿದವನು. ಇಷ್ಟು ತಿಳಿಯಲು ಅದಕ್ಕಿಂತ ಹೆಚ್ಚಿನ ಓದು ಬೇಕಾಗಿಲ್ಲ. ಆ ತರುಣನನ್ನು ನಾನು ದೂರುವುದಿಲ್ಲ. ಅವನೂ ದಳ್ಳಾಳಿಯ ಮೇಲೆ ಬದುಕುವವನು, ಯಂತ್ರ ಮಾರಿದರೆ ಮಾತ್ರ ಅವನ ಮನೆಯ ಒಲೆ ಹೊತ್ತಬೇಕು. ಆದರೆ ಅವನ ಮೂಲಕ ಭಯವನ್ನು ಮಾರುವ ದೊಡ್ಡವರ ವ್ಯಾಪಾರವನ್ನು ನಾವು ಅರಿತುಕೊಳ್ಳಲೇಬೇಕು. ಏಕೆಂದರೆ ಈ ಭಯದ ಗದ್ದಲದಲ್ಲಿ, ನಿಜವಾಗಿ ಭಯಪಡಬೇಕಾದ ಸಂಗತಿಯೇ ನಮ್ಮ ಕಣ್ಣಿನಿಂದ ಮರೆಯಾಗುತ್ತಿದೆ.

ಸವಳು ಎಂದರೇನು?

ನಮ್ಮ ನೀರು ಸವಳು ಎಂಬುದೇನೋ ಸುಳ್ಳಲ್ಲ. ರಾಯಚೂರು ಎರಡು ನದಿಗಳ ನಡುವಣ ನಾಡು. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ, ಮಾನವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ. ಇಷ್ಟಿದ್ದರೂ ನಮ್ಮ ಓಣಿಗಳಲ್ಲಿ, ಹಳ್ಳಿಗಳಲ್ಲಿ ಬಹುಜನರಿಗೆ ಗತಿ ಕೊಳವೆಬಾವಿಯೇ. ಈ ನಾಡಿನ ನೆಲದಡಿ ಗಟ್ಟಿ ಕಲ್ಲು. ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನಿಂದ ಸುಣ್ಣದ ಅಂಶವನ್ನೂ ಮೆಗ್ನೀಷಿಯಂ ಅಂಶವನ್ನೂ ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು, ನಮ್ಮ ತಾಯಂದಿರ ಮಾತಿನಲ್ಲಿ ಸವಳು ನೀರು.

ಅದರ ಕಾಟ ಯಾರಿಗೆ ಗೊತ್ತಿಲ್ಲ? ನಮ್ಮ ಜಿಲ್ಲೆಯ ಹೊಲದಲ್ಲಿ ಬೆಳೆದ ತೊಗರಿ ನಮ್ಮ ಜಿಲ್ಲೆಯ ನೀರಿನಲ್ಲಿ ಬೇಯುವುದಿಲ್ಲ. ಸಾಬೂನು ನೊರೆ ಕೊಡದೆ ಮೊಸರಿನಂತೆ ಒಡೆಯುತ್ತದೆ. ಚಹದಂಗಡಿಯ ಕೆಟಲಿನೊಳಗೆ ಬಿಳಿಯ ಚಿಪ್ಪು ಕಟ್ಟುತ್ತದೆ. ಅಕ್ಕಿ ಗಿರಣಿಯ ಬಾಯ್ಲರಿನ ಬಳಿ ನಿಲ್ಲುವ ಬಂಧುಗಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಆ ಚಿಪ್ಪು ಕಟ್ಟಿದರೆ ಶಾಖ ನೀರಿಗೆ ಮುಟ್ಟದೆ ಉರುವಲು ಹೆಚ್ಚು ಸುಡುತ್ತದೆ, ಕೊಳವೆ ಕಾದು ಒಡೆಯುವ ಅಪಾಯವೂ ಉಂಟು. ಮನೆಯಲ್ಲಿ ನೀರು ಕಾಯಿಸುವ ವಿದ್ಯುತ್ ಸುರುಳಿ ಬೇಗ ಸುಟ್ಟುಹೋಗುವುದೂ ಇದೇ ಕಾರಣಕ್ಕೆ.

ಆದರೆ ಸವಳು ವಿಷವೇ? ಅಲ್ಲ. ಗಡಸುತನವೊಂದರಿಂದಲೇ ಆರೋಗ್ಯಕ್ಕೆ ಹಾನಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಯಾವ ಮಿತಿಯನ್ನೂ ಹಾಕಿಲ್ಲ. ನಮ್ಮ ದೇಶದ ಮಾನಕ, ಐಎಸ್ 10500, ಒಂದು ಲೀಟರಿಗೆ 200 ಮಿಲಿಗ್ರಾಂ ಗಡಸುತನವಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೂ ಒಪ್ಪಬಹುದು ಎನ್ನುತ್ತದೆ. ಗಡಸು ನೀರಿನ ಸುಣ್ಣ ಎಲುಬಿಗೆ ಬೇಕಾದ ಸುಣ್ಣವೇ. ಅಂದಮೇಲೆ ಸವಳು ನಮ್ಮ ಚೀಲಕ್ಕೂ ಒಲೆಗೂ ಹಾಕುವ ತೆರಿಗೆ. ಜೀವಕ್ಕೆ ಬಂದ ಕುತ್ತಲ್ಲ.

ಮನೆಯ ಮದ್ದು

ಈ ತೆರಿಗೆಯನ್ನು ತಗ್ಗಿಸಲು ಕಂತಿನ ಯಂತ್ರ ಬೇಡ. ಗಡಸುತನದಲ್ಲಿ ಎರಡು ಬಗೆ. ಮೊದಲನೆಯದು ಕುದಿಸಿದರೆ ಹೋಗುವ ತಾತ್ಕಾಲಿಕ ಗಡಸು. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಅಲುಗಾಡಿಸದೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಸುಣ್ಣ ತಳದಲ್ಲಿ ಉಳಿಯುತ್ತದೆ. ರಾತ್ರಿ ಕುದಿಸಿಟ್ಟ ನೀರಿನಲ್ಲಿ ಬೆಳಿಗ್ಗೆ ಬೇಳೆ ಇಡಿರಿ. ಬೇಳೆ ಬೇಯುವವರೆಗೆ ಹುಣಸೆಹುಳಿ ಹಾಕಬೇಡಿರಿ. ಅಡಿಗೆ ಸೋಡಾ ಚಿಟಿಕೆ ಹಾಕಿದರೆ ಬೇಗ ಬೇಯುವುದೇನೋ ನಿಜ, ಆದರೆ ಅದು ಬೇಳೆಯಲ್ಲಿರುವ ಬಿ ಜೀವಸತ್ವವನ್ನು ಕೆಡಿಸುತ್ತದೆ. ಆದುದರಿಂದ ಅದನ್ನು ದಿನನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು.

ಎರಡನೆಯದು ಕುದಿಸಿದರೂ ಹೋಗದ ಶಾಶ್ವತ ಗಡಸು. ಇದಕ್ಕೆ ಬಟ್ಟೆ ಒಗೆಯುವ ಸೋಡಾ ಮದ್ದು. ಲೆಕ್ಕ ನೋಡಿರಿ. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ 15 ಲೀಟರಿನ ಒಂದು ಬಕೆಟ್ ನೀರು ನೊರೆ ಕಟ್ಟುವ ಮುಂಚೆಯೇ ಸುಮಾರು 35 ಗ್ರಾಂ ಸಾಬೂನನ್ನು ನುಂಗಿ ಒಡೆದು ಹಾಕುತ್ತದೆ. ಅದೇ ಕೆಲಸಕ್ಕೆ ಆರೇಳು ಗ್ರಾಂ ಸೋಡಾ, ಅಂದರೆ ಒಂದು ತುಂಬು ಚಮಚ, ಸಾಕು. ಸೋಡಾ ಹಾಕಿ ಕಲಕಿ ಅರ್ಧ ಗಂಟೆ ಬಿಟ್ಟು ಆಮೇಲೆ ಬಟ್ಟೆ ನೆನೆಹಾಕಿರಿ. ಪೇಟೆಯ ಬಟ್ಟೆ ಪುಡಿಗಳಲ್ಲಿ ಸೋಡಾ ಮೊದಲೇ ಬೆರೆತಿರುತ್ತದೆ. ಬಿಲ್ಲೆ ಸಾಬೂನಿನಲ್ಲಿ ಒಗೆಯುವವರಿಗೇ ಇದರ ಲಾಭ ಹೆಚ್ಚು. ರೇಷ್ಮೆ, ಉಣ್ಣೆಗೆ ಇದು ಸಲ್ಲದು. ಕುಡಿಯುವ ನೀರಿಗಂತೂ ಕೂಡದು. ತಲೆಗೆ ನಮ್ಮ ಹಿರಿಯರ ಸೀಗೆಕಾಯಿ, ಅಂಟುವಾಳಗಳೇ ಲೇಸು. ಅವುಗಳ ನೊರೆಯನ್ನು ಸವಳು ಒಡೆಯಲಾರದು. ಕೆಟಲಿನ ಚಿಪ್ಪಿಗೆ ನಿಂಬೆಹುಳಿ ಅಥವಾ ಹುಣಸೆಹುಳಿಯ ನೀರು ಹಾಕಿ ಕುದಿಸಿದರೆ ಸಾಕು. ಪೇಟೆಯಲ್ಲಿ ಸಿಗುವ ಕಟು ಆಮ್ಲವನ್ನು ಅಡಿಗೆ ಪಾತ್ರೆಗೆ ಮುಟ್ಟಿಸಬೇಡಿರಿ.

ಬಟ್ಟೆ ಒಗೆಯುವ ಕಸುಬಿನವರಿಗೆ ಇನ್ನೊಂದು ಅಗ್ಗದ ದಾರಿಯುಂಟು. ನೀರಿನಲ್ಲಿ ಸುಣ್ಣ ಕರಗಿಸಿ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಹತ್ತು ಕೊಡಕ್ಕೆ ಒಂದು ಕೊಡದಂತೆ ಬೆರೆಸಿದರೆ, ತಾತ್ಕಾಲಿಕ ಗಡಸುತನ 200ರ ಆಸುಪಾಸಿನಲ್ಲಿರುವ ನೀರು ಬಹುಮಟ್ಟಿಗೆ ಮೃದುವಾಗುತ್ತದೆ. ನೀರಿನ ಸುಣ್ಣವನ್ನು ಸುಣ್ಣದಿಂದಲೇ ತೆಗೆಯುವ ಈ ವಿಧಾನಕ್ಕೆ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ಪ್ರಾಧ್ಯಾಪಕ 1841ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಸುಣ್ಣ ಹೆಚ್ಚಾದರೆ ಗಡಸುತನ ಮತ್ತೆ ಏರುತ್ತದೆ, ಆದುದರಿಂದ ಅಳತೆ ತಪ್ಪಬಾರದು.

ಸಿಹಿ ನೀರೆಲ್ಲ ಒಳ್ಳೆಯ ನೀರಲ್ಲ

ಇನ್ನು ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಹೇಳಲು ನನಗೆ ನಾಚಿಕೆಯೂ ಇದೆ.

ಪಕ್ಷದ ಕೆಲಸಕ್ಕೆ ಇಳಿಯುವ ಮುಂಚೆ ನಾನು ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಊರಲ್ಲಿ ಎರಡು ಕೊಳವೆಬಾವಿಗಳು. ಅಗಸಿಯ ಬಳಿಯದು ಸವಳು, ಶಾಲೆಯ ಬಳಿಯದು ಸಿಹಿ. ಶಾಲೆಯ ಬಾವಿಯ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು, ಸಾಬೂನು ಹಾಲಿನಂತೆ ನೊರೆ ಕೊಡುತ್ತಿತ್ತು. ಊರಿಗೆ ಊರೇ ಅದನ್ನು ಹೊಗಳುತ್ತಿತ್ತು, ನಾನೂ ಹೊಗಳಿದೆ. ಆ ಮಕ್ಕಳ ಹಲ್ಲುಗಳ ಮೇಲೆ ಹಳದಿ, ಕಂದು ಪಟ್ಟೆಗಳಿದ್ದವು. “ಹಲ್ಲು ತಿಕ್ಕಿ ಬರಲು ಏನು ರೋಗ ನಿಮಗೆ?” ಎಂದು ನಾನು ಗದರಿಸುತ್ತಿದ್ದೆ; ಒಬ್ಬಿಬ್ಬರ ಕಿವಿಯನ್ನೂ ಹಿಂಡಿದ್ದೇನೆ. ಅವರು ಇದ್ದಿಲಿನಿಂದ ತಿಕ್ಕಿದರು, ಇಟ್ಟಿಗೆ ಪುಡಿಯಿಂದ ತಿಕ್ಕಿದರು, ಪಟ್ಟೆ ಹೋಗಲಿಲ್ಲ. ಅದು ಕೊಳೆಯಲ್ಲ, ನೀರಿನಲ್ಲಿದ್ದ ಫ್ಲೋರೈಡ್ ಹಲ್ಲಿನೊಳಗೇ ಬರೆದ ಬರೆ ಎಂಬುದು ನನಗೆ ತಿಳಿದದ್ದು ಆ ಶಾಲೆ ಬಿಟ್ಟು ವರ್ಷಗಳಾದ ಮೇಲೆ, ಒಬ್ಬ ವೈದ್ಯರ ಬಾಯಿಂದ. ತಪ್ಪು ನೀರಿನದು, ಬೈಸಿಕೊಂಡವರು ಮಕ್ಕಳು.

ಇದರ ಮರ್ಮ ಇಷ್ಟು. ಫ್ಲೋರೈಡ್ ಬರುವುದೂ ಕಲ್ಲಿನಿಂದಲೇ. ನೀರಿನಲ್ಲಿ ಸುಣ್ಣ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತದೆ. ಸುಣ್ಣ ಕಡಿಮೆಯಾಗಿ ಕ್ಷಾರ ಹೆಚ್ಚಿದ ನೀರಿನಲ್ಲಿ, ಅಂದರೆ ನಾಲಿಗೆಗೆ ಮೃದುವಾದ, ಬೇಳೆ ಬೇಯಿಸುವ ನೀರಿನಲ್ಲಿ, ಫ್ಲೋರೈಡ್ ಹೆಚ್ಚು ಕರಗಿ ನಿಲ್ಲಬಲ್ಲದು. ಎಲ್ಲ ಸಿಹಿ ಬಾವಿಯೂ ಹೀಗೆಯೇ ಎಂದಲ್ಲ, ಸವಳು ನೀರಿಗೆ ಫ್ಲೋರೈಡಿನ ಭಯವಿಲ್ಲವೆಂದೂ ಅಲ್ಲ. ನಾಲಿಗೆಯಿಂದ, ಸಾಬೂನಿನಿಂದ, ಬೇಳೆಯಿಂದ ನೀರಿನ ಯೋಗ್ಯತೆಯನ್ನು ಅಳೆಯಬಾರದೆಂಬುದಷ್ಟೇ ನನ್ನ ಮಾತು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಗತ್ಯಂತರವಿಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ಮಾನಕ ಹೇಳುತ್ತದೆ. ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಕೀಲು, ಕೊನೆಗೆ ಬೆನ್ನೆಲುಬು ಸೆಟೆದುಕೊಳ್ಳುತ್ತದೆ. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಸರಕಾರದ ವರದಿಗಳಲ್ಲಿಯೇ ಇದೆ. ಹಟ್ಟಿ ಚಿನ್ನದ ಗಣಿಯ ಸುತ್ತಿನ ಕೆಲವು ಹಳ್ಳಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವೂ ಕಂಡುಬಂದಿದೆ.

ಮನೆಯ ಮದ್ದು ಇಲ್ಲಿ ಸೋಲುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ. ಉಪ್ಪಿನಿಂದ ನಡೆಯುವ ನೀರು ಮೃದುಮಾಡುವ ಯಂತ್ರ ಸುಣ್ಣವನ್ನು ತೆಗೆದು ಸೋಡಿಯಂ ಬಿಡುತ್ತದೆ, ಫ್ಲೋರೈಡನ್ನು ಮುಟ್ಟುವುದಿಲ್ಲ. ರಕ್ತದೊತ್ತಡದವರಿಗೆ ಆ ನೀರು ಕುಡಿಯಲು ಹಿತವೂ ಅಲ್ಲ. ಚಿಲ್ಲದ ಬೀಜ ತೇಯ್ದು ಹಾಕಿದರೆ ರಾಡಿ ತಿಳಿಯಾಗುತ್ತದೆ, ಅಷ್ಟೇ. ಮಾರಾಟಗಾರನ ಕಿಸೆಯಲ್ಲಿರುವ ಅಳತೆಯ ಲೇಖನಿ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜಿನಿಂದ ತೋರಿಸುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟು, ರೋಗಾಣು ಎಷ್ಟು ಎಂದು ಹೇಳಲಾರದು.

ರೋಗಾಣುವಿನ ಮಾತು ಬಂದಾಗ 2022 ನೆನಪಾಗದೆ ಇರುತ್ತದೆಯೇ? ಆ ವರ್ಷ ಮೇ ಕೊನೆಯಲ್ಲಿ, ಜೂನ್ ಮೊದಲಿನಲ್ಲಿ ರಾಯಚೂರು ನಗರದ ನಲ್ಲಿಯ ಕಲುಷಿತ ನೀರು ಕುಡಿದು ವಾಂತಿಭೇದಿ ಹರಡಿತು, ಜೀವಗಳು ಹೋದವು. ಮರುವರ್ಷ, 2023ರಲ್ಲಿ, ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿಗೆ ಒಂದು ಮಗು ಬಲಿಯಾಯಿತು, ಅನೇಕರು ಆಸ್ಪತ್ರೆ ಸೇರಿದರು. ಸವಳಿನಿಂದ ಸತ್ತವರಲ್ಲ ಇವರು. ಬೇಳೆ ಬೇಯದ ನೀರಿನ ಬಗ್ಗೆ ಮನೆಮನೆಗೆ ಬಂದು ಎಚ್ಚರಿಸುವವರು ನೂರು ಮಂದಿ. ಗಟಾರದ ಪಕ್ಕದ ಒಡೆದ ಕೊಳವೆಯ ಬಗ್ಗೆ ಎಚ್ಚರಿಸಲು ಯಾರು ಬರುತ್ತಾರೆ? ಅದರಲ್ಲಿ ದಳ್ಳಾಳಿ ಇಲ್ಲವಲ್ಲ!

ಯಂತ್ರ ಯಾರದು, ನೀರು ಯಾರದು?

“ಹಾಗಾದರೆ ಶುದ್ಧೀಕರಣ ಯಂತ್ರವೇ ಬೇಡವೇ?” ಎಂದು ನೀವು ಕೇಳಬಹುದು. ನಾನು ಯಂತ್ರದ ವೈರಿಯಲ್ಲ. ಆರ್‌ಓ ಯಂತ್ರ ಗಡಸನ್ನೂ ತೆಗೆಯುತ್ತದೆ, ಫ್ಲೋರೈಡನ್ನೂ ತೆಗೆಯುತ್ತದೆ. ಪರೀಕ್ಷೆಯಲ್ಲಿ ಫ್ಲೋರೈಡ್ ಮಿತಿ ಮೀರಿದ್ದು, ಬೇರೆ ನೀರಿಲ್ಲದ ಕಡೆ ಅದು ಬೇಕು. ಆದರೆ ಮನೆಯ ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಮೂರು ಲೀಟರನ್ನು ಹೊರಗೆ ಚೆಲ್ಲುತ್ತದೆ. ಬೇಸಗೆಯಲ್ಲಿ ಟ್ಯಾಂಕರಿಗೆ ಸಾಲು ನಿಲ್ಲುವ ಓಣಿಯಲ್ಲಿ ಇದು ಯಾವ ನ್ಯಾಯ? ಅದರ ಜಾಳಿಗೆ ಕಾಲಕಾಲಕ್ಕೆ ಬದಲಾಗಬೇಕು, ಅದಕ್ಕೆ ಬೇರೆ ಹಣ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಸರಕಾರಕ್ಕೆ ಹೇಳಿತ್ತು. ಅಳತೆ ಮಾಡದೆ ಯಂತ್ರ ಕೊಳ್ಳುವುದು, ಜ್ವರ ನೋಡದೆ ಸೂಜಿ ಚುಚ್ಚಿಸಿಕೊಂಡಂತೆ.

ಫ್ಲೋರೈಡ್ ತೆಗೆಯಲು ಬೇರೆ ದಾರಿಯೂ ಉಂಟು. ನಮ್ಮ ನೆರೆಯ ತೆಲಂಗಾಣದ ನಲ್ಗೊಂಡದ ಹೆಸರಿನಲ್ಲಿಯೇ ಒಂದು ವಿಧಾನವಿದೆ. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆ ಅದನ್ನು ರೂಪಿಸಿತು. ಪಟಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ತಂಗಿಸಿ, ಸೋಸುವುದು. ಆದರೆ ಪಟಕದ ಅಳತೆ ನೀರಿನ ಗುಣವನ್ನು ಅನುಸರಿಸಬೇಕು. ಅದು ಪ್ರತಿ ಮನೆಯ ತಾಯಿಯ ತಲೆಯ ಮೇಲೆ ಹೊರಿಸುವ ಕೆಲಸವಲ್ಲ, ಊರಿನ ಟಾಕಿಯಲ್ಲಿ ತಿಳಿದವರು ಮಾಡುವ ಕೆಲಸ.

ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರವನ್ನು ನೋಡಿರಿ. 1985ರಿಂದ ಅಲ್ಲಿ ವಿದ್ಯುತ್ತು ಹುಟ್ಟುತ್ತಿದೆ. ಅದರ ನೀರು ಕೃಷ್ಣೆಯದು. ಬಾಯ್ಲರಿಗೆ ಹೋಗುವ ನೀರಿನಿಂದ ಸುಣ್ಣ, ಉಪ್ಪು ಎಲ್ಲವನ್ನೂ ತೆಗೆದು, ಅಳೆದು ನೋಡಿಯೇ ಒಳಗೆ ಬಿಡುವುದು ಇಂತಹ ಸ್ಥಾವರಗಳ ನಿಯಮ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಬಾಯ್ಲರ್ ಕೆಟ್ಟರೆ ನಾಡಿಗೆ ಕತ್ತಲೆ. ಆದರೆ ಕಬ್ಬಿಣದ ಕೊಳವೆಗೆ ಅಳೆದು ನೀರು ಕೊಡಬಲ್ಲ ಸರಕಾರ, ಶಾಲೆಯ ಮಗುವಿನ ಲೋಟಕ್ಕೆ ಅಳೆದು ನೀರು ಕೊಡಲಾರದೇ? ಬಾಯ್ಲರಿಗೆ ಯಾರೂ “ನಿನ್ನ ಯಂತ್ರವನ್ನು ನೀನೇ ಕಂತಿನಲ್ಲಿ ಕೊಂಡುಕೋ” ಎಂದು ಹೇಳಿಲ್ಲ.

2019ರ ಆಗಸ್ಟ್ 15ರಂದು ಜಲಜೀವನ ಯೋಜನೆಯನ್ನು ಸಾರಿದರು. ಪ್ರತಿ ಗ್ರಾಮೀಣ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್, 2024ರೊಳಗೆ ಎಂದರು. ಈಗ ಗಡುವು 2028ಕ್ಕೆ ಹೋಗಿದೆ. ನಲ್ಲಿ ಬಂದ ಊರಲ್ಲಿಯೂ ನಲ್ಲಿಯ ಹಿಂದೆ ಇರುವುದು ನದಿಯೋ, ಅದೇ ಹಳೆಯ ಕೊಳವೆಬಾವಿಯೋ ಎಂದು ಕೇಳಿರಿ. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳನ್ನು ಕಟ್ಟಿದರು. ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು. ಚಾಲೂ ಇರುವ ಕಡೆ ಅದು ಉಪಕಾರವೇ. ಆದರೆ ಕೆಟ್ಟು ಬೀಗ ಬಿದ್ದ ಘಟಕಗಳನ್ನು ಮಾನವಿ, ದೇವದುರ್ಗಗಳ ದಾರಿಯಲ್ಲಿ ಯಾರು ನೋಡಿಲ್ಲ?

ಮಳೆಯ ನೀರನ್ನೂ ಮರೆಯಬಾರದು. ಅದರಲ್ಲಿ ಸವಳೂ ಇಲ್ಲ, ಫ್ಲೋರೈಡೂ ಇಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 20 ಚದರ ಮೀಟರಿನ ಮಾಳಿಗೆಯ ಮೇಲೆ ಬಿದ್ದದ್ದರಲ್ಲಿ ಐದರಲ್ಲೊಂದು ಪಾಲು ಪೋಲಾದರೂ ಒಂಬತ್ತು ಸಾವಿರ ಲೀಟರಿಗೆ ಕಡಿಮೆಯಿಲ್ಲ. ಐದು ಜನರ ಮನೆಗೆ ತಲೆಗೆ ದಿನಕ್ಕೆ 5 ಲೀಟರಿನಂತೆ ಕುಡಿಯಲು, ಅಡಿಗೆಗೆ ಸರಿಸುಮಾರು ವರ್ಷವಿಡೀ ಸಾಕು. ಮೊದಲ ಮಳೆಯನ್ನು ಬಿಟ್ಟು ಹಿಡಿದು, ಸೋಸಿ, ಮುಚ್ಚಿಟ್ಟು, ಕುದಿಸಿ ಕುಡಿಯಬೇಕು. ಆದರೆ ಬಾಡಿಗೆಯ ತಗಡಿನ ಮನೆಯಲ್ಲಿರುವ ಗಿರಣಿ ಕೂಲಿಗಾರ ತೊಟ್ಟಿಯನ್ನು ಎಲ್ಲಿ ಕಟ್ಟಿಯಾನು? ಹಾಗೆಂದೇ ಶಾಲೆ, ಮಾರುಕಟ್ಟೆ, ಗುಡಿ, ಮಸೀದಿ, ಸರಕಾರಿ ಕಚೇರಿಗಳ ಮಾಳಿಗೆಗಳಿಗೆ ತೊಟ್ಟಿ ಕಟ್ಟಿರೆಂದು ನಾವು ಕೇಳಬೇಕು.

ಈಗ ಮಾಡತಕ್ಕದ್ದು

ಬಂಧುಗಳೇ, ಮನೆಯ ಕೆಲಸ ಮನೆಯಲ್ಲಿ ಆಗಲಿ. ಕುದಿಸಿರಿ, ತಿಳಿ ಬಗ್ಗಿಸಿರಿ, ಬಟ್ಟೆಗೆ ಸೋಡಾ ಬಳಸಿರಿ. ಆದರೆ ಯಂತ್ರಕ್ಕೆ ಸಹಿ ಹಾಕುವ ಮುಂಚೆ ನೀರನ್ನು ಪರೀಕ್ಷೆಗೆ ಕೊಡಿರಿ. ಜಿಲ್ಲೆಯಲ್ಲಿ ಸರಕಾರದ ನೀರು ಪರೀಕ್ಷೆಯ ಪ್ರಯೋಗಾಲಯವಿದೆ. ಹಳ್ಳಿಗಳಲ್ಲಿ ಪರೀಕ್ಷೆಯ ಪೆಟ್ಟಿಗೆ ಕೊಟ್ಟು ಊರಿಗೆ ಐವರು ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕೆಂಬುದು ಜಲಜೀವನ ಯೋಜನೆಯದೇ ನಿಯಮ. ನಿಮ್ಮ ಪಂಚಾಯತಿಗೆ ಹೋಗಿ ಆ ಪೆಟ್ಟಿಗೆ ಎಲ್ಲಿದೆ, ಆ ಐವರು ಯಾರು ಎಂದು ಕೇಳಿರಿ. ಗಡಸುತನ ಎಷ್ಟು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ.

ಚಹದಂಗಡಿ, ಖಾನಾವಳಿ ನಡೆಸುವ ವ್ಯಾಪಾರಿ ಬಂಧುಗಳು ಒಬ್ಬೊಬ್ಬರೇ ಯಂತ್ರಕ್ಕೆ ಹಣ ಸುರಿಯುವ ಬದಲು ಒಟ್ಟಾಗಿ ನಗರಾಡಳಿತದ ಬಾಗಿಲಿಗೆ ಹೋಗಲಿ. ಪ್ರತಿ ಓಣಿಯ ನೀರಿನ ಪರೀಕ್ಷೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ಆಮೇಲೆ, ಆಗಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಟಾಕಿಯ ಗೋಡೆಯ ಮೇಲೆ ಬರೆಯಿಸಬೇಕು. ಮಿತಿ ಮೀರಿದ ಬಾವಿಗೆ ಕೆಂಪು ಬಣ್ಣ ಬಳಿದು, ಅಲ್ಲಿಗೆ ನದಿಯ ನೀರು ತಲುಪುವವರೆಗೆ ಬೇರೆ ನೀರು ಕೊಡಬೇಕು. ಕೆಟ್ಟ ಘಟಕಗಳನ್ನು ದುರಸ್ತಿ ಮಾಡಬೇಕು. ಗಟಾರದೊಳಗೆ ಹಾಯುವ ನೀರಿನ ಕೊಳವೆಗಳನ್ನು ಕಿತ್ತು ಬೇರೆ ಕಡೆ ಹಾಕಬೇಕು. ಇದಾವುದೂ ಭಿಕ್ಷೆಯಲ್ಲ. ನೀರಿನ ತೆರಿಗೆ ಕಟ್ಟುವವರು ನಾವು.

ನನ್ನ ಗೆಳೆಯ ಸಹಿ ಹಾಕಿದ ಮಾರನೆಯ ದಿನ ನಾವಿಬ್ಬರೂ ಅವನ ಕೊಳವೆಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟೆವು. ಗಡಸುತನ 480. ಫ್ಲೋರೈಡ್ 0.8. ರೋಗಾಣು ಇಲ್ಲ. ಬೇಳೆ ಬೇಯದ ನೀರು, ಆದರೆ ಮಕ್ಕಳು ಕುಡಿಯಬಹುದಾದ ನೀರು. ಕಂತು ಮಾತ್ರ ಇನ್ನೂ ಹತ್ತು ತಿಂಗಳಿದೆ. ದೇವದುರ್ಗದ ಆ ಶಾಲೆಯ ಬಾವಿಗೆ ಮಾತ್ರ ಯಾವ ಮಾರಾಟಗಾರನೂ ಇದುವರೆಗೆ ಹೋಗಿಲ್ಲ. ಮುಂದಿನ ವಾರ ಬಾಟಲಿ ಹಿಡಿದು ನಾನೇ ಹೋಗುತ್ತಿದ್ದೇನೆ. ಆ ಮಕ್ಕಳಲ್ಲಿ ಕೆಲವರು ಈಗ ಗಿರಣಿಗೆ ಬರುವ ವಯಸ್ಸಿನವರು. ಕಿವಿ ಹಿಂಡಿದ್ದಕ್ಕೆ ಅವರಲ್ಲಿ ಕ್ಷಮೆ ಕೇಳಬೇಕಾಗಿದೆ; ಅವರ ತಮ್ಮತಂಗಿಯರ ಲೋಟದಲ್ಲಿ ಈಗ ಏನಿದೆ ಎಂದು ಅಳೆದು, ಆ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ಬರೆಯಬೇಕಾಗಿದೆ.